ಅವಳ ಫೋನಿನಲ್ಲಿ ನನ್ನ ಬೆರಳು

ಜನವರಿ 9, ಗುರುವಾರ

ಸೀತಾಮಹಾಲಕ್ಷ್ಮಿ ಮೇಡಂ ಇವತ್ತೂ ಅಂಗಡಿಗೆ ಬಂದರು. ಹೊಸ ವರ್ಷ ಬಂದು ಒಂಬತ್ತು ದಿನ, ಇದು ಮೂರನೇ ಸಲ. ಫೋನ್ ತೆರೆಯುವ ಪ್ಯಾಟರ್ನ್ ಮರೆತಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದವರು, ಒಂಬತ್ತು ಚುಕ್ಕೆಗಳ ಮುಂದೆ ಸೋಲುತ್ತಾರೆ. ಬೆರಳು ಹಾಕಿಸಿಕೊಳ್ಳಿ ಎಂದರೆ ಭಯ. ಬೆರಳಚ್ಚು ಎಲ್ಲೆಲ್ಲಿಗೋ ಹೋಗುತ್ತದಂತೆ.

ನನ್ನ ಮಾಮೂಲಿ ಭಾಷಣ ಬಿಚ್ಚಿದೆ. ಪ್ಯಾಟರ್ನ್‌ಗೆ ನಾಲ್ಕು ಸೆಕೆಂಡು, ಬೆರಳಿಗೆ ಅರ್ಧ. ದಿನಕ್ಕೆ ನೂರು ಸಲ ಫೋನ್ ತೆಗೆದರೆ ವರ್ಷಕ್ಕೆ ಒಂದೂವರೆ ದಿನ ಉಳಿಯಿತು. ಒಂದೂವರೆ ದಿನ ಆಯುಷ್ಯ ಹೆಚ್ಚಿಸುವ ಡಾಕ್ಟರು ವಿಶಾಖಪಟ್ಟಣದಲ್ಲಿ ಇದ್ದರೆ ತೋರಿಸಿ ಮೇಡಂ ಎಂದೆ. ನಕ್ಕರು. ನಕ್ಕವರು ಒಪ್ಪಿದ ಹಾಗೆ, ಇದು ದ್ವಾರಕಾನಗರದ ಈ ಮೊಬೈಲ್ ಅಂಗಡಿಯಲ್ಲಿ ನಾನು ಕಲಿತ ವಿದ್ಯೆ.

ಕ್ರಮ ಪ್ರಕಾರ ಮೊದಲು ನನ್ನ ಬಲ ಹೆಬ್ಬೆರಳು ಹಾಕಿ ಸೆನ್ಸರ್ ಪರೀಕ್ಷೆ ಮಾಡಿದೆ. ಸರಿ ಇದೆ. ನನ್ನದನ್ನು ಅಳಿಸಿದೆ. ಆಮೇಲೆ ಅವರದು. ಸೆನ್ಸರ್ ಬಂದ ವರ್ಷದಿಂದ ಇದೇ ಪದ್ಧತಿ. ಗಿರಾಕಿಯ ಬೆರಳು ಹಿಡಿಯದಿದ್ದರೆ ದೋಷ ಫೋನಿನದೋ ಬೆರಳಿನದೋ ಗೊತ್ತಾಗಬೇಕಲ್ಲ. ರಿಪೇರಿ ನೋಡುವ ಅಶೋಕನಿಗೂ ನಾನೇ ಹೇಳಿಕೊಟ್ಟದ್ದು — ಹಾಕು, ನೋಡು, ಅಳಿಸು. ಮೂರನೆಯದು ಮರೆತರೆ ಕೆಲಸ ಬಿಟ್ಟು ಹೋಗು ಎಂದಿದ್ದೆ.

ಜನವರಿ 12, ಭಾನುವಾರ

ಮಗಳು ಶ್ರೀರಕ್ಷಾ ಬಂದಳು. ವಿಜಯವಾಡದಿಂದ ನಿಂತುಕೊಂಡೇ ಬಂದಳಂತೆ, ಸಂಕ್ರಾಂತಿ ರಷ್ಷು. ಬಂದವಳೇ ಅಮ್ಮನ ಹತ್ತಿರ ಕನ್ನಡ, ನನ್ನ ಹತ್ತಿರ ಅರ್ಧ ತೆಲುಗು. ‘ಅಪ್ಪ’ ಅಲ್ಲ, ‘ನಾನ್ನಾ’. ಹೆಂಡತಿ ಸುಮಿತ್ರಾ ತಿದ್ದಿ ತಿದ್ದಿ ಬಿಟ್ಟಳು. ಇಲ್ಲೇ ಹುಟ್ಟಿದ ಹುಡುಗಿ, ನಮ್ಮ ದಾವಣಗೆರೆ ಇವಳಿಗೆ ಬೇಸಿಗೆ ರಜೆಯ ಊರು ಮಾತ್ರ.

ಹೊಸ ಫೋನ್ ಕೊಟ್ಟೆ. ಪಕ್ಕದ ಗುಂಡಿಯಲ್ಲೇ ಸೆನ್ಸರ್ ಇರುವ ಮಾಡೆಲ್. ಕೈಗೆತ್ತಿಕೊಂಡರೆ ಸಾಕು, ಹೆಬ್ಬೆರಳು ತಾನಾಗಿ ಅಲ್ಲಿ ಕೂರುತ್ತದೆ, ಫೋನ್ ತೆರೆದಿರುತ್ತದೆ. ಅವಳು ಗೆಳತಿಯರ ಜೊತೆ ಋಷಿಕೊಂಡ ಬೀಚಿಗೆ ಹೋದಳು. ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ದಾಟಿಸುವ ಕೆಲಸ ನನ್ನದು. ಎರಡು ಗಂಟೆ ಹಿಡಿಯಿತು. ಮಧ್ಯೆ ಮಧ್ಯೆ ತೆಗೆದು ನೋಡಲು ನನ್ನ ಹೆಬ್ಬೆರಳು ಹಾಕಿಕೊಂಡೆ. ಸಂಜೆ ಅವಳು ತನ್ನ ಎರಡೂ ಹೆಬ್ಬೆರಳು ಹಾಕಿದಳು, ಪಿನ್ ಬದಲಿಸಿದಳು. “ಎಂಥಾ ಸ್ಪೀಡ್ ನಾನ್ನಾ” ಅಂದಳು. ಖುಷಿಯಾಯಿತು.

ಫೆಬ್ರವರಿ 23ಕ್ಕೆ ನಿಶ್ಚಿತಾರ್ಥ. ಹುಡುಗ ಅಮೋಘ, ಇಲ್ಲೇ ಒಂದು ಔಷಧ ಕಂಪನಿಯಲ್ಲಿ ಪ್ರೊಡಕ್ಷನ್. ತಂದೆ ಓಂಕಾರಪ್ಪನವರು ಬ್ಯಾಂಕ್ ಆಫೀಸರು, ವರ್ಗವಾಗಿ ವಿಜಯವಾಡದಲ್ಲಿದ್ದಾರೆ. ನಮ್ಮ ಹುಡುಗಿ ಅಲ್ಲಿನ ಆಸ್ಪತ್ರೆಯಲ್ಲಿ ಡಯಟೀಷಿಯನ್, ಹುಡುಗ ನಮ್ಮೂರಲ್ಲಿ. ಅದಲು ಬದಲಾದ ಹಾಗಿದೆ. ಇಬ್ಬರೂ ಮಾತಾಡಿಕೊಂಡು ಇಷ್ಟಪಟ್ಟಿದ್ದಾರೆ. ಪರದೇಶದಲ್ಲಿ ನಮ್ಮ ಕಡೆಯ ಸಂಬಂಧ ಸಿಗುವುದು ಸುಲಭವಲ್ಲ. ಇದನ್ನು ಕೂಡಿಸಿದ್ದು ನನ್ನ ಬಾಯಿ.

ಜನವರಿ 15, ಬುಧವಾರ. ಬೆಳಿಗ್ಗೆ 6.40

ಶ್ರೀರಕ್ಷಾ ಸ್ನಾನಕ್ಕೆ ಹೋಗಿದ್ದಳು. ಊಟದ ಮೇಜಿನ ಮೇಲೆ ಅವಳ ಫೋನ್ ಅಲಾರಂ ಹೊಡೆದುಕೊಳ್ಳುತ್ತಿತ್ತು. ನಿಲ್ಲಿಸೋಣ ಎಂದು ಎತ್ತಿಕೊಂಡೆ. ತೆರೆದುಕೊಂಡಿತು.

ನನ್ನ ಬೆರಳು ಅಳಿಸಿರಲಿಲ್ಲ. ಮರೆತಿದ್ದೆ. ಹಾಕಿದ್ದೆ, ನೋಡಿದ್ದೆ, ಮೂರನೆಯದನ್ನು ಬಿಟ್ಟಿದ್ದೆ. ಪಿನ್ ಬದಲಿಸಿದರೆ ಬೆರಳು ಹೋಗುವುದಿಲ್ಲ. ಅವಳಿಗೆ ಅದು ಗೊತ್ತಿಲ್ಲ.

ಎದುರಿಗೇ ಅಮೋಘನ ಸಂದೇಶ. ಮೊದಲ ಸಾಲು ಮಾತ್ರ ಕಂಡಿತು — “ನಿನಗೆ ಒಬ್ಬಳಿಗೇ ಹೇಳ್ತಿದ್ದೀನಿ.” ಅಲಾರಂ ನಿಲ್ಲಿಸಿ ಕೆಳಗಿಟ್ಟೆ.

ಆಮೇಲೆ ಮತ್ತೆ ಎತ್ತಿಕೊಂಡೆ. ಮೊದಲನೆಯದು ಅಕಸ್ಮಾತ್. ಎರಡನೆಯದು ಅಲ್ಲ. ಬಚ್ಚಲಲ್ಲಿ ನೀರಿನ ಸದ್ದು ಇನ್ನೂ ಇತ್ತು, ಕೇಳಿಸಿಕೊಂಡೇ ಎತ್ತಿದೆ. ಹಳೆಯ ಪ್ಯಾಟರ್ನ್ ಫೋನಾಗಿದ್ದರೆ ಒಂದು ಸಲ ತಪ್ಪು ಗೆರೆ ಎಳೆಯುತ್ತಿದ್ದೆ, ನಾಚಿಕೆಯಾಗಿ ಇಡುತ್ತಿದ್ದೆ. ನಾಚಿಕೆಗೂ ಸ್ವಲ್ಪ ಸಮಯ ಬೇಕು. ಅರ್ಧ ಸೆಕೆಂಡಿನಲ್ಲಿ ಅದು ಬರುವುದಿಲ್ಲ.

ಅಮೋಘ ಬರೆದಿದ್ದ: “ಹದಿನೇಳನೇ ವಯಸ್ಸಿಂದ ಫಿಟ್ಸ್ ಇತ್ತು. ಮಾತ್ರೆ ತಗೋತೀನಿ. ಆರು ವರ್ಷದಿಂದ ಒಂದ್ಸಲನೂ ಬಂದಿಲ್ಲ. ಮದುವೆ ಆದ್ಮೇಲೆ ಹೇಳಿದ್ರಾಯ್ತು ಅಂತಾರೆ ಅಪ್ಪ. ನನಗೆ ಅದು ಆಗಲ್ಲ. ನಾನು ಹೇಳಿದೀನಿ ಅಂತ ಅಪ್ಪಂಗೆ ಗೊತ್ತಾಗ್ಬಾರ್ದು.”

ಇವಳ ಉತ್ತರ: “ಹದಿನೈದು ದಿನ ಟೈಮ್ ಕೊಡು. ಹೆಸರು ಹೇಳದೆ ನಮ್ಮ ಆಸ್ಪತ್ರೆ ಡಾಕ್ಟರನ್ನ ಕೇಳ್ತೀನಿ. ನಾನ್ನಂಗೆ ನಾನೇ ಹೇಳ್ತೀನಿ.”

ನೀರು ನಿಂತಿತು. ಫೋನ್ ಇದ್ದ ಕೋನದಲ್ಲೇ ಇಟ್ಟೆ. ಸಂಕ್ರಾಂತಿಯ ಮರುದಿನ, ಕನುಮ ಹಬ್ಬದ ವಡೆ ಮೂರು ತಿಂದೆ. ರುಚಿ ನೆನಪಿಲ್ಲ.

ಜನವರಿ 18, ಶನಿವಾರ

ಶ್ರೀರಕ್ಷಾ ಗುರುವಾರವೇ ವಿಜಯವಾಡಕ್ಕೆ ಹಿಂತಿರುಗಿದಳು. ನಾನು ಮೂರು ದಿನ ಲೆಕ್ಕ ಹಾಕಿದೆ. ಹುಡುಗಿ ಮೆತ್ತಗಿನವಳು, ಅಯ್ಯೋ ಪಾಪ ಎಂದು ಒಪ್ಪಿಬಿಟ್ಟರೆ? ಹದಿನೈದು ದಿನ ಕಾದರೆ ಕಾರ್ಡು ಅಚ್ಚಾಗಿರುತ್ತದೆ. ಅದಕ್ಕೆ ಮೊದಲು ನಾನೇ ಮುಗಿಸಬೇಕು.

ಬೆಳಿಗ್ಗೆ ಓಂಕಾರಪ್ಪನವರಿಗೆ ಫೋನ್ ಮಾಡಿದೆ. ನೇರ ವಿಷಯಕ್ಕೆ ಬಂದೆ. ಹುಡುಗನಿಗೆ ಫಿಟ್ಸ್ ಇದ್ದದ್ದನ್ನು ಮುಚ್ಚಿಟ್ಟಿರಿ, ಇದು ಸರಿಯಲ್ಲ, ಈ ಸಂಬಂಧ ಬೇಡ ಎಂದೆ. ಅವರು ಅಲ್ಲಗಳೆಯಲಿಲ್ಲ. “ಯಾರು ಹೇಳಿದ್ದು ರಮಾಕಾಂತ್?” ಎಂದರು.

ಮಗಳ ಫೋನ್ ನೋಡಿದೆ ಎನ್ನುವುದು ಹೇಗೆ. “ಆಸ್ಪತ್ರೆ ಕಡೆಯಿಂದ ತಿಳೀತು ಸರ್. ಹೆಸರು ಬೇಡ” ಎಂದೆ. ಸಲೀಸಾಗಿ ಬಂತು. ಇಪ್ಪತ್ತೇಳು ವರ್ಷ ಗಿರಾಕಿಗಳ ಮುಂದೆ ನಿಂತವನಿಗೆ ಇಂಥ ವಾಕ್ಯ ತಾನಾಗಿ ಬರುತ್ತದೆ. ಮಗಳನ್ನೂ ಕಾಪಾಡಿದೆ, ನನ್ನನ್ನೂ ಕಾಪಾಡಿಕೊಂಡೆ ಎಂದುಕೊಂಡೆ.

ಸುಮಿತ್ರಾಗೂ ಅದನ್ನೇ ಹೇಳಿದೆ. ಅತ್ತಳು. ಸಂಜೆ ಕನ್ನಡ ಸಂಘದ ವಿನಾಯಕ ಸಿಕ್ಕಿ ನಿಶ್ಚಿತಾರ್ಥದ ಏರ್ಪಾಡು ಎಲ್ಲಿಗೆ ಬಂತು ಎಂದ. ಅವನೊಬ್ಬನಿಗೆ ಕಾರಣ ಹೇಳಿದೆ. ಒಬ್ಬನಿಗೆ ಮಾತ್ರ.

ಜನವರಿ 20, ಸೋಮವಾರ

ಮಧ್ಯಾಹ್ನ ಅಂಗಡಿಗೆ ಮಗಳ ಫೋನ್. ಅಳುತ್ತಿರಲಿಲ್ಲ. ಅಳುತ್ತಿದ್ದರೆ ಸಮಾಧಾನ ಮಾಡುವುದು ನನಗೆ ಗೊತ್ತಿತ್ತು.

ಅಮೋಘ ಅವಳ ನಂಬರನ್ನೇ ಬ್ಲಾಕ್ ಮಾಡಿದ್ದಾನೆ. ಮಾಡುವ ಮೊದಲು ಒಂದೇ ಸಾಲು ಕಳಿಸಿದ್ದನಂತೆ: “ನಿನಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.”

“ಯಾರು ಹೇಳಿದ್ದು ನಾನ್ನಾ? ಒಂದು ಹೆಸರು ಹೇಳಿ ಸಾಕು.”

ಆಸ್ಪತ್ರೆ ಕಡೆಯವರು, ಮಾತು ಕೊಟ್ಟಿದ್ದೇನೆ, ಹೆಸರು ಹೇಳುವ ಹಾಗಿಲ್ಲ ಎಂದೆ. ಆಮೇಲೆ, “ಸರೆ. ಅರ್ಥ ಆಯ್ತು” ಎಂದು ಇಟ್ಟಳು.

ಏನು ಅರ್ಥವಾಯಿತೋ ನನಗೆ ಹೊಳೆಯಲಿಲ್ಲ.

ಫೆಬ್ರವರಿ 4, ಮಂಗಳವಾರ

ಈಗ ಹೊಳೆಯಿತು. ಶ್ರೀರಕ್ಷಾಳ ರೂಂಮೇಟ್ ಬಿಂದುಶ್ರೀ ರೂಮು ಬಿಟ್ಟು ಹೋಗಿದ್ದಾಳೆ. ಹಾಸನದ ಹುಡುಗಿ, ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ. ಮೂರು ವರ್ಷ ಒಂದೇ ಸ್ಟವ್, ಒಂದೇ ಕುಕ್ಕರ್. ಇವಳಿಗೆ ಮಲೇರಿಯಾ ಬಂದಾಗ ಆರು ದಿನ ರಜೆ ಹಾಕಿ ನೋಡಿಕೊಂಡವಳು.

ಸುಮಿತ್ರಾ ಹೇಳಿದ್ದು: ಅಮೋಘನ ವಿಷಯ ಶ್ರೀರಕ್ಷಾ ಇಡೀ ಆಸ್ಪತ್ರೆಯಲ್ಲಿ ಅವಳೊಬ್ಬಳಿಗೇ ಹೇಳಿದ್ದಳಂತೆ, ಯಾವ ಡಾಕ್ಟರನ್ನು ಕೇಳಲಿ ಎಂದು. ಹಾಗಾದರೆ ಬಾಯಿ ಬಿಟ್ಟವಳು ಅವಳೇ. “ನೀನು ಮನುಷ್ಯಳೇ ಅಲ್ಲ” ಎಂದು ಇವಳು ಅಂದಳಂತೆ. ಬಿಂದುಶ್ರೀ ಆಣೆ ಮಾಡಿದರೂ ಕೇಳಲಿಲ್ಲವಂತೆ.

“ಎಂಥಾ ಹುಡುಗಿ ನೋಡ್ರೀ. ನಮ್ಮ ಮನೀಗೆ ಬಂದು ಉಂಡು ಹೋಗಿದ್ಲು” ಎಂದಳು ಸುಮಿತ್ರಾ.

ಹೌದು ಎಂದೆ. ಬಾಯಿಯಿಂದ ಬಂದದ್ದು ಅದು. ಹೌದು.

ಫೆಬ್ರವರಿ 5

ಸಿಂಹಾಚಲದ ದೇವಸ್ಥಾನಕ್ಕೆ ಹೋಗಿ ಬಂದೆ. ಒಂದು ಗಂಟೆ ಕ್ಯೂನಲ್ಲಿ ನಿಂತೆ. ಎದುರು ನಿಂತಾಗ ಏನು ಕೇಳಬೇಕೋ ತಿಳಿಯಲಿಲ್ಲ. ಹಿಂದಿನವರು ತಳ್ಳಿದರು.

ಫೆಬ್ರವರಿ 16, ಭಾನುವಾರ

ಹನ್ನೊಂದು ದಿನ ಬರೆಯಲಿಲ್ಲ. ಬರೆಯಲು ಇದ್ದದ್ದು ಒಂದೇ, ಅದನ್ನು ಬಿಟ್ಟು ಬೇರೆ ಬರೆಯಲು ಮನಸ್ಸು ಬರಲಿಲ್ಲ.

ಮಗಳು ದಿನವೂ ಅಮ್ಮನಿಗೆ ಫೋನ್ ಮಾಡುತ್ತಾಳೆ. ಸಿಟ್ಟಿನ ಮಾತಿಲ್ಲ, ಸುಸ್ತಾದವಳ ಹಾಗೆ. ಒಬ್ಬಳೇ ಅಡುಗೆ ಮಾಡುತ್ತಾಳಂತೆ, ಎರಡು ದಿನಕ್ಕೆ ಒಂದು ಸಲ. ಬೇರೆಯವರಿಗೆ ಏನು ಉಣ್ಣಬೇಕು ಎಂದು ಬರೆದುಕೊಡುವವಳು.

ಇವತ್ತು ಸುಮಿತ್ರಾ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ಏನ್ರೀ, ಒಂದು ಕೇಳ್ತೀನಿ. ಆಸ್ಪತ್ರೆಯಾಗೆ ನಿಮಗೆ ಯಾರು ಗೊತ್ತೈದಾರೆ?”

ಇದ್ದಾರೆ ಒಬ್ಬರು ಎಂದೆ.

“ಹೆಸರು?”

ಅರ್ಧ ಸೆಕೆಂಡು ತಡವಾಯಿತು. ಅವಳಿಗೆ ಅಷ್ಟೇ ಸಾಕಾಯಿತು.

“ಕನುಮದ ದಿನ ಅವಳ ಫೋನು ನಿಮ್ಮ ಕೈಯಾಗಿತ್ತು. ದೇವರ ಮನೆಯಿಂದ ಕಂಡೆ. ಅಲಾರಂ ನಿಂತು ಬಾಳ ಹೊತ್ತಾಗಿತ್ತು.”

ಒಂದು ತಿಂಗಳು ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಇರಲಾರದು, ಇರಲಾರದು ಎಂದುಕೊಂಡಿದ್ದಾಳೆ. ಎಲ್ಲ ಹೇಳಿದೆ. ತಂದೆಯಾಗಿ ಕಾಳಜಿ ಎಂದು ಶುರು ಮಾಡಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

“ಅಂಗಡಿ ಮಾತು ನನ್ನ ಹತ್ರ ಬ್ಯಾಡ. ಆ ಹಾಸನದ ಹುಡುಗಿ ಏನು ಮಾಡಿತ್ತು ನಿಮಗೆ? ನೀವೇ ಹೋಗಿ ಹೇಳ್ರಿ. ನಾನು ಹೇಳಾಕಿಲ್ಲ.”

ಫೆಬ್ರವರಿ 22, ಶನಿವಾರ. ವಿಜಯವಾಡ

ಬೆಳಗಿನ ರೈಲು. ಆರೂವರೆ ಗಂಟೆ ಪ್ರಯಾಣ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ರಾಜಮಂಡ್ರಿ ದಾಟುವ ಹೊತ್ತಿಗೆ ನಾಲ್ಕು ಥರ ತಯಾರಿತ್ತು. ನಾಲ್ಕರಲ್ಲೂ ಕೊನೆಗೆ ನಾನು ಒಳ್ಳೆಯವನೇ ಆಗುತ್ತಿದ್ದೆ.

ಮನೆ ಒಡತಿ ಸೂರ್ಯಕಾಂತಮ್ಮ ಗೇಟಿನಲ್ಲೇ ಹಿಡಿದರು. ತೆಲುಗಿನಲ್ಲಿ ಒಂದೇ ಉಸಿರಿಗೆ — ಆ ಹುಡುಗಿ ಹೋಗುವ ದಿನ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು ಬಾಬು, ನಿಮ್ಮ ಮಗಳು ಮೇಲೆ ಬಾಗಿಲು ಹಾಕಿಕೊಂಡು ಅತ್ತಳು, ಇಬ್ಬರೂ ಊಟ ಮಾಡಲಿಲ್ಲ, ಮಾಡಿದ ಬೇಳೆ ಪಪ್ಪು ಎಮ್ಮೆಗೆ ಹಾಕಿದೆ. ನಮಸ್ಕಾರ ಮಾಡಿ ಮೆಟ್ಟಿಲು ಹತ್ತಿದೆ.

ಎರಡು ಮಂಚ, ಒಂದರ ಮೇಲೆ ಹಾಸಿಗೆ ಇಲ್ಲ. ನಾನು ಬಂದದ್ದಕ್ಕೆ ಶ್ರೀರಕ್ಷಾ ಗಾಬರಿಯಾದಳು. ಅಮ್ಮನಿಗೆ ಏನಾದರೂ ಆಯಿತಾ ಎಂದಳು. ಇಲ್ಲ. ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. ಬಿಂದುಶ್ರೀ ಏನೂ ಹೇಳಿಲ್ಲ, ನಿನ್ನ ಫೋನಿನಲ್ಲಿ ನನ್ನ ಬೆರಳು ಉಳಿದಿತ್ತು ಎಂದೆ.

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಫೋನ್ ನನ್ನ ಮುಂದೆ ಹಿಡಿದಳು.

“ಇಡಿ.”

ಇಟ್ಟೆ. ತೆರೆಯಿತು. ಒಂದೂವರೆ ತಿಂಗಳಾದರೂ ಏನೂ ನಿಧಾನವಾಗಿಲ್ಲ. ಅವಳು ಆ ತೆರೆದ ಪರದೆಯನ್ನೇ ನೋಡಿದಳು. ನನ್ನನ್ನು ನೋಡಲಿಲ್ಲ.

“ಎಷ್ಟು ಸಲ?”

ಒಂದು ಎನ್ನಲು ಬಾಯಿ ತೆರೆದಿದ್ದೆ. ಎರಡು ಎಂದೆ.

“ನೋಡಿದ್ರಿ. ಸರೆ. ನನ್ನನ್ನ ಕೇಳಬಹುದಿತ್ತಲ್ಲ ನಾನ್ನಾ. ಬೈಯಬಹುದಿತ್ತು. ಆಸ್ಪತ್ರೆ ಅಂತ ಯಾಕೆ ಹೇಳಿದ್ರಿ?”

ನೋಡಿದ್ದು ತಪ್ಪು. ಆದರೆ ಬಿಂದುಶ್ರೀಯನ್ನು ಓಡಿಸಿದ್ದು ‘ಆಸ್ಪತ್ರೆ ಕಡೆಯಿಂದ ತಿಳೀತು’ ಎಂದ ಆ ಮೂರು ಪದ.

ಬೆರಳು ಎಲ್ಲಿ ಅಳಿಸಬೇಕು ಎಂದು ಕೇಳಿದಳು. ಸಾವಿರಾರು ಜನಕ್ಕೆ ತೋರಿಸಿದ್ದನ್ನು ಮಗಳಿಗೆ ತೋರಿಸಿದೆ. ಪಟ್ಟಿಯಲ್ಲಿ ಮೂರು ಬೆರಳು — ಒಂದು, ಎರಡು, ಮೂರು. ಹೆಸರಿಲ್ಲ. ಯಾವುದು ನಿಮ್ಮದು ಎಂದಳು. ಸೆನ್ಸರ್ ಮುಟ್ಟಿದರೆ ಅದರ ಸಾಲು ಬೆಳಗುತ್ತದೆ ಎಂದು ಮುಟ್ಟಿ ತೋರಿಸಿದೆ. ಮೊದಲನೆಯದು. ಅವಳದಕ್ಕಿಂತ ಮೇಲೆ. ಅಳಿಸಿದಳು.

ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದಳು. “ಡಾಕ್ಟರು ಶುಕ್ರವಾರವೇ ಏನೂ ತೊಂದರೆ ಇಲ್ಲ ಅಂದಿದ್ರು. ಹೂಂ ಅನ್ನೋಣ ಅಂತಿದ್ದೆ. ಹತ್ತೊಂಬತ್ತನೇ ತಾರೀಖು, ಭಾನುವಾರ, ನಿಮಗೆ ಫೋನಲ್ಲಿ ಹೇಳೋದಿತ್ತು.”

ನಾನು ಓಂಕಾರಪ್ಪನವರಿಗೆ ಫೋನ್ ಮಾಡಿದ್ದು ಹಿಂದಿನ ದಿನ, ಶನಿವಾರ.

ಅದೇ ದಿನ, ಸಂಜೆ 5. ರೈಲು ನಿಲ್ದಾಣ

ಮೊದಲು ಬಿಂದುಶ್ರೀ, ಆಮೇಲೆ ಅಮೋಘ, ಇಬ್ಬರಿಗೂ ನೀವೇ ಹೇಳಬೇಕು ಎಂದಳು ಮಗಳು. ತಾನು ಜೊತೆಗೆ ಬರಲಿಲ್ಲ.

ಬೆಂಜ್ ಸರ್ಕಲ್ ಹತ್ತಿರ ಬಿಂದುಶ್ರೀ ಈಗಿರುವ ಹಾಸ್ಟೆಲಿಗೆ ಒಬ್ಬನೇ ಹೋದೆ. ಅವಳು ಕೆಳಗೆ ಬಂದು ವಿಸಿಟರ್ಸ್ ರೂಮಿನಲ್ಲಿ ಕೂತಳು. ಎಲ್ಲ ಕೇಳಿಸಿಕೊಂಡಳು. ನನಗೇ ನೀರು ತರಿಸಿಕೊಟ್ಟಳು.

“ನೀವು ಇಷ್ಟು ದೂರ ಬಂದ್ರಲ್ಲ ಅಂಕಲ್, ಅದು ದೊಡ್ದು. ನಿಮ್ ಮೇಲೆ ನಂಗೇನೂ ಇಲ್ಲ. ಆದ್ರೆ ಅವಳು ನನ್ನ ಮೂರು ವರ್ಷ ನೋಡಿದಾಳೆ. ಒಂದ್ ಮಾತು ನಂಬ್ಲಿಲ್ಲ.”

ನಾನು ಹೇಳಿದ್ದರಿಂದ ಹಾಗಾಯಿತು ಎಂದೆ.

“ಹೌದು. ನೀವು ಹೇಳಿದ್ದು ಅಂತಾನೇ ನಂಬಿದ್ಲು.”

ಅದನ್ನು ಅವಳು ಚುಚ್ಚಲು ಹೇಳಲಿಲ್ಲ. ಹಾಸ್ಟೆಲ್ ಗೇಟಿನವರೆಗೂ ಬಂದು ಆಟೋ ಹತ್ತಿಸಿದಳು. ಮಂಗಳಗಿರಿ ಸೀರೆ ಮಾರುವವನು ಪ್ಲಾಟ್‌ಫಾರಂನಲ್ಲಿ ಮೂರು ಸಲ ನನ್ನ ಮುಂದೆ ಹಾದುಹೋದ. ಅವನ ಮಾತು ಚೆನ್ನಾಗಿತ್ತು. ಕೇಳಲಾಗಲಿಲ್ಲ.

ಮಾರ್ಚ್ 2, ಭಾನುವಾರ

ಗಾಜುವಾಕದ ಒಂದು ಟೀ ಅಂಗಡಿಯಲ್ಲಿ ಅಮೋಘ ಸಿಕ್ಕ. ಫೋನಿನಲ್ಲಿ ಹೇಳಬಹುದಿತ್ತು, ಎದುರಿಗೇ ಹೇಳುತ್ತೇನೆ ಎಂದು ನಾನೇ ಕರೆದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ.

ಹೇಳಿದೆ. ಮಗಳು ಯಾರಿಗೂ ಹೇಳಿ ಕೆಡಿಸಿಲ್ಲ, ನಾನು ಕದ್ದು ನೋಡಿದೆ ಎಂದೆ. ‘ಕದ್ದು’ ಎಂಬ ಶಬ್ದವನ್ನು ನನ್ನ ಬಗ್ಗೆ ಮೊದಲ ಸಲ ಬಳಸಿದೆ. ಓಂಕಾರಪ್ಪನವರಿಗೂ ನಿನ್ನೆಯೇ ಫೋನಿನಲ್ಲಿ ತಿಳಿಸಿದ್ದೆ.

ಅಮೋಘ ಟೀ ಮುಗಿಸಿದ. ಕಂಪನಿಯಲ್ಲಿ ಮೆಷಿನ್ ಕೆಲಸದಿಂದ ತೆಗೆದು ಕಾಗದ ನೋಡುವ ಸೀಟಿಗೆ ಹಾಕಿದ್ದಾರಂತೆ. ಸಂಘದವರು ಯಾರೋ ಮಾತಾಡಿದ್ದು ಅಲ್ಲಿಯವರೆಗೆ ಹೋಗಿದೆ. ನಾನು ಹೇಳಿದ್ದು ಒಬ್ಬನಿಗೆ.

“ನಮ್ಮಪ್ಪಂಗೆ ನೀವು ಬೈದಿದ್ದು ಸರಿನೇ ಅಂಕಲ್. ಅವ್ರು ಹೇಳ್ಬೇಕಿತ್ತು. ಆದ್ರೆ ನಾನು ಒಂದೂವರೆ ತಿಂಗಳು ಅವಳನ್ನ ಕೆಟ್ಟೋಳು ಅಂದ್ಕೊಂಡೇ ಎದ್ದೆ, ಮಲಗಿದೆ. ಈಗ ಅಲ್ಲ ಅಂತೀರಿ. ತಕ್ಷಣ ಹೆಂಗೆ ಬಿಡ್ಲಿ?”

ಮತ್ತೆ ಮಾತುಕತೆ ಶುರು ಮಾಡೋಣವೇ ಎಂದು ಕೇಳಬೇಕೆಂದಿದ್ದೆ. ಮಾತು ಕೂಡಿಸುವುದು ನನ್ನ ಕೈಚಳಕವಲ್ಲವೇ. ಅವನ ಮುಖ ನೋಡಿ ಬಿಟ್ಟೆ. ಟೀ ಲೋಟಗಳನ್ನು ಅವನೇ ಒಳಗೆ ಕೊಟ್ಟು ಬಂದ, ನಮಸ್ಕಾರ ಮಾಡಿ ಹೋದ.

ಮಾರ್ಚ್ 13, ಗುರುವಾರ

ಈಗ ಗಿರಾಕಿಯ ಬೆರಳನ್ನೇ ಮೊದಲು ಹಾಕಿಸುತ್ತೇನೆ. ಸೆನ್ಸರ್ ಕೆಟ್ಟಿದ್ದರೆ ಕೆಟ್ಟಿರಲಿ. ಅಶೋಕ ಕಾರಣ ಕೇಳಿದ. ಹೊಸ ಪದ್ಧತಿ ಎಂದೆ. “ನಿಧಾನಂ ಅವುತುಂದಿ ಸಾರ್” ಎಂದ. ಆಗಲಿ ಎಂದೆ.

ವಿನಾಯಕನ ಹತ್ತಿರ ಹೋಗಿ ಯಾರ್ಯಾರಿಗೆ ಹೇಳಿದೆ ಎಂದು ಕೇಳಿದೆ. ಒಬ್ಬನಿಗೆ ಮಾತ್ರ ಎಂದ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ. ಮಗಳು ಬಂದಿದ್ದಾಳೆ. ಬಿಂದುಶ್ರೀ ರೂಮಿಗೆ ವಾಪಸು ಬಂದಿಲ್ಲ, ಆದರೆ ಕ್ಯಾಂಟೀನಿನಲ್ಲಿ ಒಂದೇ ಮೇಜಿಗೆ ಕೂರುತ್ತಾರಂತೆ. ಸುಮಿತ್ರಾ ಹೇಳಿದ್ದು. ನನಗೆ ಸುದ್ದಿ ಬರುವುದು ಈಗ ಆ ದಾರಿಯಿಂದಲೇ. ಎದುರಿಗೆ ಕೂತಾಗ ಊಟ ಆಯಿತಾ, ಸೆಕೆ ಜಾಸ್ತಿ, ಅಷ್ಟು. ಅಡುಗೆಮನೆಯಲ್ಲಿ ತಾಯಿ ಮಗಳು ಮಾತಾಡುತ್ತಿದ್ದರೆ ನಾನು ಕೆಮ್ಮಿ ಒಳಗೆ ಹೋಗುತ್ತೇನೆ. ನನ್ನ ಮನೆಯಲ್ಲೇ.

ಇವತ್ತು ಸಂಜೆ ಬಾಲ್ಕನಿಯಲ್ಲಿ ಕೂತಿದ್ದೆ. ತಾನಾಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. 

“ಅಮೋಘ ಫೋನ್ ಮಾಡಿದ್ದ.”

ಏನಂದ, ಯಾವಾಗ, ಅವರಪ್ಪ ಏನಂತಾರೆ, ಎಷ್ಟು ಹೊತ್ತು ಮಾತಾಡಿದ — ಪ್ರಶ್ನೆಗಳು ನಾಲಿಗೆಯ ಮೇಲೆ ಸಾಲು ನಿಂತವು. ಹಲ್ಲು ಕಚ್ಚಿ ಕೂತೆ. ಕೆಳಗೆ ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು.

“ಕೇಳಲ್ವಾ?”

“ನೀನು ಹೇಳಿದಷ್ಟು” ಎಂದೆ.

ನನ್ನ ಕಡೆ ತಿರುಗಿ ನೋಡಿದಳು. ವಿಜಯವಾಡದ ಆ ಮಧ್ಯಾಹ್ನದ ನಂತರ ಮೊದಲ ಸಲ. ಮದುವೆಯ ಮಾತು ಮುಗಿದದ್ದು ಮುಗಿದದ್ದೇ, ಅದನ್ನು ಮೊದಲು ಹೇಳಿಬಿಡುತ್ತೇನೆ ಎಂದಳು. ಆಮೇಲೆ ಉಳಿದದ್ದನ್ನು ಹೇಳಿದಳು. ನಿಧಾನವಾಗಿ, ತೆಲುಗು ಕನ್ನಡ ಕಲಸಿ, ನಡುನಡುವೆ ನಿಲ್ಲಿಸಿ. ಕತ್ತಲಾಗುವ ತನಕ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಎದ್ದು ಹೋಗುವಾಗ, “ಅಮ್ಮಂಗೂ ಇನ್ನೂ ಹೇಳಿಲ್ಲ” ಎಂದಳು.

ಅವಳು ಹೇಳಿದ್ದನ್ನು ಬರೆದಿಡೋಣ ಎಂದು ಈಗ ಕೂತೆ. ಮೊದಲ ವಾಕ್ಯ ಬರೆದೆ. ಹೊಡೆದುಹಾಕಿದೆ, ಓದಲು ಬಾರದ ಹಾಗೆ. ಅದು ಅವಳದು. ಇಲ್ಲಿ ಬರೆಯುವುದಿಲ್ಲ. ಇಷ್ಟು ಮಾತ್ರ, ಅವಳು ಅವನಿಗೆ… ಇಲ್ಲ, ಇದೂ ಬೇಡ. ಪೆನ್ನು ಮುಚ್ಚಿಟ್ಟೆ.